ಮೊರದ ಗುರುತು

ಹಸುಗೂಸು ಮೊಲೆ ಹಿಡಿಯುವುದನ್ನು ಬಿಟ್ಟಿತೆಂದರೆ ಮುಂದೇನಾಗುತ್ತದೆಂದು ಹೆರಿಗೆ ಕೆಲಸ ಮಾಡುವ ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ದವಡೆ ಬಿಗಿಯುತ್ತದೆ, ತುಟಿ ಚೂಪಾಗುತ್ತದೆ, ಆಮೇಲೆ ಬಾಗಿಲು ಸದ್ದಾದರೂ ಸಾಕು, ಮೈಯೆಲ್ಲ ಬಿಲ್ಲಿನ ಹಾಗೆ ಸೆಟೆಯುತ್ತದೆ. ಡಾಕ್ಟರುಗಳು ಅದನ್ನು ಧನುರ್ವಾಯು ಎನ್ನುತ್ತಿದ್ದರು, ಹಳ್ಳಿಯವರು ಬಾಲಗ್ರಹ ಎನ್ನುತ್ತಿದ್ದರು. ಹೆಸರು ಯಾವುದಾದರೇನು, ಒಂದು ಸಲ ಶುರುವಾದ ಮೇಲೆ ನಾವು ಮಾಡುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ಪಾವಗಡದ ದಾದಿ ಒಂದು ಬೆಳಗ್ಗೆ ನಮ್ಮ ಹೆರಿಗೆ ಮನೆಯ ಹೊಸ್ತಿಲಲ್ಲಿ ನಿಂತು, ಮೈಮೇಲಿನ ದಾರಿಯ ಧೂಳನ್ನೂ ಕೊಡವದೆ, ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ನರಸಮ್ಮಾ, ಇನ್ನೊಂದು ಬಿಡ್ಡ ಪಾಲು ಕುಡಿಯಾದು ಬುಟ್ಟುಬುಡ್ತು" ಎಂದಾಗ ನಾನು ಹೆಚ್ಚೇನೂ ಕೇಳದೆ ಅವಳನ್ನು ಒಳಗೆ ಕರೆದೆ.

ಇನ್ನೊಂದು ಎಂದರೆ ಎರಡನೆಯದು. ಮೊದಲನೆಯದು ಹೋದಾಗ ಹಣೆಬರಹ ಎಂದುಕೊಂಡಿದ್ದೆವು. ಎರಡಕ್ಕೂ ಹೊಕ್ಕುಳು ಕಟ್ಟಿದ್ದು ನಾವು ಮಧುಗಿರಿಯಿಂದ ಕಳಿಸಿದ ಪೊಟ್ಟಣದ ದಾರದಿಂದ. ದಾದಿ ಕೈಚೀಲದಿಂದ ಆ ಪೊಟ್ಟಣದ ಮೇಲುಬಟ್ಟೆಯನ್ನು ತೆಗೆದು ನನ್ನ ಮುಂದೆ ಇಟ್ಟಳು. ತಳಭಾಗದಲ್ಲಿ ಮಾಸಲು ಹಳದಿಯ ಕಲೆಯೊಂದು ಅಡ್ಡಡ್ಡ ಉದ್ದುದ್ದ ಗೆರೆಯಾಗಿ ಕಾಣುತ್ತಿತ್ತು.

"ಬಸ್ಸಿನ ಕೊಳೆ ಇರ್ಬೇಕು," ಎಂದೆ.

"ಏಮೋ ನರಸಮ್ಮಾ, ನಂಗೇನ್ ತಿಳೀತೈತೆ? ನಾನಂತೂ ನೀವು ಯೋಳಿದಂಗೇ ಕೈ ತೊಳ್ದು ಬಿಚ್ದೆ," ಎಂದಳು. ಆಮೇಲೆ ದನಿ ಇಳಿಸಿ, "ವಳ್ಳೂರಾಗೆ ನಿಮ್ ಚೆಲ್ಲೆಲಿಗೆ ತಿಂಗಳು ತುಂಬೈತೆ. ನಂಗೇ ಹೇಳಿ ಕಳಿಸೋರೆ," ಎಂದಳು.

ಚೆಲ್ಲೆಲು ಎಂದರೆ ತಂಗಿ. ನಮ್ಮ ತಾಯಿ ತೀರಿಕೊಂಡ ಮೇಲೆ ನಾನೇ ತಲೆ ಬಾಚಿ, ಜಡೆ ಹಾಕಿ, ಮದುವೆ ಮಾಡಿ ಕಳಿಸಿದ ತಂಗಿ. ಮೊದಲನೆಯ ಬಸಿರು ಇಳಿದುಹೋಗಿತ್ತು. ಈ ಸಲ ಅಲುಗಾಡಬಾರದೆಂದು ಗಂಡನ ಮನೆಯಲ್ಲೇ ಹೆರಿಗೆ ಎಂದು ತೀರ್ಮಾನವಾಗಿತ್ತು. ಪಾವಗಡದ ದಾದಿಯ ಡಬ್ಬದಲ್ಲಿ ಉಳಿದಿದ್ದ ಪೊಟ್ಟಣಗಳಲ್ಲೇ ಒಂದನ್ನು ಅವಳಿಗೂ ಬಿಚ್ಚುವುದಿತ್ತು.

ಅದು ಎರಡನೆಯ ಮಹಾಯುದ್ಧದ ಕಾಲ. ಊರಿನ ದಾನಿಯೊಬ್ಬರು ಬೆಟ್ಟದ ಬುಡದಲ್ಲಿ ಕಟ್ಟಿಸಿದ ಪುಟ್ಟ ಹೆರಿಗೆ ಮನೆ ನಮ್ಮದು. ಕೆಲಸದಿಂದ ನಿವೃತ್ತರಾಗಿ ಬಂದಿದ್ದ ಮುಂಗೋಪದ ಡಾಕ್ಟರು, ಹಳ್ಳಿಯವರ ಬಾಯಲ್ಲಿ ನರಸಮ್ಮನಾದ ನರ್ಸು ನಾನು, ಒಬ್ಬ ಆಯಾ, ಇಷ್ಟೇ ಜನ. ಒಳಗಿನ ಹೆರಿಗೆಗಳಿಗಿಂತ ಹೊರಗಿನ ಹೆರಿಗೆಗಳೇ ನಮಗೆ ಹೆಚ್ಚಿನ ಕೆಲಸ ಕೊಡುತ್ತಿದ್ದವು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಕಡೆಯ ದಾದಿಯರಿಗೆ ಹೆರಿಗೆ ಪೊಟ್ಟಣ ಮಾಡಿ ಕಳಿಸುವುದು ನನ್ನ ಪಾಲಿನ ಕೆಲಸ.

ಪೊಟ್ಟಣವೆಂದರೆ ದೊಡ್ಡದೇನಲ್ಲ. ಹೊಕ್ಕುಳುಬಳ್ಳಿ ಕಟ್ಟಲು ದಾರ, ಅದರ ಮೇಲಿಡಲು ಜಾಳು ಬಟ್ಟೆ, ಹಿಡಿಯಷ್ಟು ಅರಳೆ, ಹೊಟ್ಟೆಗೆ ಸುತ್ತುವ ಪಟ್ಟಿ. ಇವನ್ನು ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಮೈಸುತ್ತ ತೂತುಗಳೂ ಅವನ್ನು ಮುಚ್ಚಲು ಜಾರುವ ತಗಡಿನ ಪಟ್ಟಿಯೂ ಇರುವ ಡ್ರಮ್ಮಿನಲ್ಲಿ ಜೋಡಿಸಿ, ಡ್ರಮ್ಮನ್ನು ಬಾಯ್ಲರಿನೊಳಗೆ ಇಳಿಸಿ, ಸೌದೆ ಉರಿಯಲ್ಲಿ ಒತ್ತಡದ ಹಬೆ ಕೊಡುತ್ತಿದ್ದೆವು. ಹಬೆಗೆ ಉಳಿಯುವ ಕ್ರಿಮಿ ಇಲ್ಲ. ಕಷ್ಟ ಶುರುವಾಗುವುದೇ ಡ್ರಮ್ಮಿನ ಮುಚ್ಚಳ ತೆಗೆದ ಮೇಲೆ. ಪೊಟ್ಟಣಗಳನ್ನು ಹೊರತೆಗೆದು, ಆರಲು ಬಿಟ್ಟು, ತಗಡಿನ ಡಬ್ಬಕ್ಕೆ ತುಂಬಿ, ಮುಚ್ಚಳದ ಸುತ್ತ ಮೇಣದ ಪಟ್ಟಿ ಅಂಟಿಸಬೇಕು. ಬಾಯ್ಲರಿನಿಂದ ಡಬ್ಬದವರೆಗೆ ಹೆಚ್ಚೆಂದರೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ಎಲ್ಲವೂ ಹಾಳಾಗಬಹುದು ಎಂದು ಡಾಕ್ಟರು ದಿನವೂ ಗದರುತ್ತಿದ್ದರು.

ಅದಕ್ಕಾಗಿ ಪ್ಯಾಕಿಂಗ್ ಕೋಣೆಯಲ್ಲಿ ಕಟ್ಟುನಿಟ್ಟು ಜಾಸ್ತಿ. ಬಾಗಿಲು, ಕಿಟಕಿ ಮುಚ್ಚಿರಬೇಕು. ಕಾರ್ಬಾಲಿಕ್ ಸೋಪಿನಿಂದ ಮೊಳಕೈವರೆಗೆ ತೊಳೆಯಬೇಕು, ಉಗುರುಸಂದಿಗೆ ಬ್ರಷ್ಷು ಹಾಕಬೇಕು. ತಲೆಗೆ ಬಟ್ಟೆ, ಬಾಯಿ ಮೂಗಿಗೆ ಬಟ್ಟೆ. ಮಾತಂತೂ ಕೂಡದು. ನನ್ನಂಥ ಬಾಯಿಬಡುಕಿಗೆ ಅದೇ ದೊಡ್ಡ ಶಿಕ್ಷೆಯಾಗಿತ್ತು.

ಶುಚಿಯಲ್ಲಿ ನಮ್ಮ ಆಯಾ ನನ್ನನ್ನೂ ಮೀರಿಸುವವಳು. ಸಿದ್ದರಬೆಟ್ಟದ ತಪ್ಪಲಿನ ಹಳ್ಳಿಯವಳು. ಅವಳು ಹೆತ್ತ ಮಕ್ಕಳಲ್ಲಿ ಒಂದೂ ಎಂಟನೆಯ ದಿನ ದಾಟಿರಲಿಲ್ಲ. ಎಲ್ಲವೂ ದವಡೆ ಕಚ್ಚಿಕೊಂಡು ಹೋದವು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ನಮ್ಮಲ್ಲಿಗೆ ಬಂದು, ಹತ್ತಿರದಲ್ಲೇ ಸಣ್ಣ ಮನೆ ಮಾಡಿಕೊಂಡು ಇಲ್ಲೇ ನಿಂತುಬಿಟ್ಟಳು. ಹೆರಿಗೆಯಾದವರ ಕೂಸನ್ನು ಎತ್ತಿಕೊಂಡು ತಿರುಗುವಾಗ ಅವಳ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು. ನಾನು ಕೋಣೆಗೆ ಬರುವ ಮೊದಲೇ ಅವಳು ಎಲ್ಲವನ್ನೂ ಅಣಿ ಮಾಡಿರುತ್ತಿದ್ದಳು. ಪೊಟ್ಟಣ ಆರಿಸುವ ಎನಾಮೆಲ್ ತಟ್ಟೆಗಳು ಸಿಡಿದು ತುಕ್ಕು ಹಿಡಿದಿದ್ದವು, ಯುದ್ಧದಿಂದಾಗಿ ಹೊಸವು ಸಿಗುತ್ತಿರಲಿಲ್ಲ. ಡಾಕ್ಟರು ಮೇದರ ಬೀದಿಯಿಂದ ಹೊಸ ಬಿದಿರಿನ ಮೊರಗಳನ್ನು ತರಿಸಿ, ಅವುಗಳ ಮೇಲೆ ಹಬೆಯಲ್ಲಿ ಬೆಂದ ಬಟ್ಟೆ ಹಾಸಿ ಬಳಸಲು ಹೇಳಿದ್ದರು. ಬಟ್ಟೆ ಹಾಸಿ ಮೊರಗಳನ್ನು ಸಾಲಾಗಿ ಜೋಡಿಸಿಡುವುದೂ ಅವಳದೇ ಕೆಲಸ.

ದಾದಿ ತಂದ ಸುದ್ದಿ ಕೇಳಿ ಡಾಕ್ಟರು ಮೊದಲು ಅನುಮಾನಿಸಿದ್ದು ಬಾಯ್ಲರನ್ನು. ಗಾಜಿನ ಸಣ್ಣ ಕೊಳವೆಯೊಳಗೆ ಗಂಧಕದ ಪುಡಿ ಹಾಕಿ ಬಾಯಿ ಕರಗಿಸಿ ಮುಚ್ಚಿ, ಡ್ರಮ್ಮಿನ ನಟ್ಟನಡುವೆ ಪೊಟ್ಟಣಗಳ ಮಧ್ಯೆ ಹುದುಗಿಸಿದರು. ಹಬೆಯ ಕಾವು ಅಲ್ಲಿಯವರೆಗೆ ಮುಟ್ಟಿದರೆ ಪುಡಿ ಕರಗಿ ಗಟ್ಟಿ ಹೆಂಟೆಯಾಗಬೇಕು, ಇಲ್ಲದಿದ್ದರೆ ಪುಡಿ ಪುಡಿಯಾಗಿಯೇ ಉಳಿಯಬೇಕು. ಮುಚ್ಚಳ ತೆಗೆಯುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ. ಪುಡಿ ಕರಗದೆ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬಾಯ್ಲರಿನ ದೋಷವಾದರೆ ರಿಪೇರಿ ಮಾಡಿಸಬಹುದಲ್ಲ. ಗಂಧಕ ಸೊಗಸಾಗಿ ಕರಗಿತ್ತು.

ಆಗ ದಾದಿಯೇ ಒಂದು ಮಾತು ನೆನಪಿಸಿಕೊಂಡಳು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವಾಗ ನಡುವೆ ಮದರಾಸು ಸರ್ಕಾರದ ಸೀಮೆ ದಾಟಬೇಕು. ಬಟ್ಟೆಗೆ ಕಂಟ್ರೋಲು ಬಂದ ಮೇಲೆ ಗಡಿಯ ಚೌಕಿಯವರು ಬಸ್ಸು ತಡೆದು ಗಂಟುಮೂಟೆ ಬಿಚ್ಚಿಸುತ್ತಿದ್ದರು.

"ಡಬ್ಬೀನೂ ಬಿಚ್ಚಿಸ್ತಾರೆ ಸಾಮಿ. ಕೈಯಾಕಿ ಕೆದಕಿ ನೋಡ್ತಾರೆ," ಎಂದಳು.

ಡಾಕ್ಟರ ಕೋಪ ನೆತ್ತಿಗೇರಿತು. "ಬೀಡಿ ಸೇದಿದ ಕೈ. ಎತ್ತು ಕಟ್ಟಿದ ಕೈ. ಇನ್ನೇನು ಬೇಕು?" ಎಂದು ಕೂಗಾಡಿ, ಪಾವಗಡಕ್ಕೆ ಹೋಗಬೇಕಾದ ಹೊಸ ಡಬ್ಬದ ಮುಚ್ಚಳಕ್ಕೆ ತಗಡಿನವನಿಂದ ಬೆಸುಗೆ ಹಾಕಿಸಿದರು. ದಾದಿ ಜೊತೆಗೆ ತಂದಿದ್ದ ಹಳೆಯ ಪೊಟ್ಟಣಗಳನ್ನು ವಾಪಸು ಪಡೆದು, ಆ ಡಬ್ಬ ಕೊಟ್ಟು ಅವಳನ್ನು ಕಳಿಸಿದೆವು. ಕಾರಣ ಎಲ್ಲೋ ದೂರದಲ್ಲಿದೆ, ನಮ್ಮ ಕೋಣೆಯಲ್ಲಿಲ್ಲ ಎನ್ನುವುದಕ್ಕಿಂತ ಸುಖದ ಸುದ್ದಿ ಇನ್ನೊಂದಿಲ್ಲ. ಆ ವಾರ ನಾನು ಚೆನ್ನಾಗಿ ಉಂಡೆ.

ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಕೊರಟಗೆರೆಯಿಂದ ಒಬ್ಬ ರೈತ ಬಂದು, ಡಾಕ್ಟರನ್ನು ಕರೆದುಕೊಂಡು ಹೋಗಲು ಗಾಡಿ ತಂದಿದ್ದೇನೆಂದು ಅಂಗಳದಲ್ಲಿ ಕೈಮುಗಿದು ನಿಂತ. ಕೂಸು ಹಾಲು ಕುಡಿಯುತ್ತಿಲ್ಲ, ಬಾಯಿ ತೆರೆಯುತ್ತಿಲ್ಲ ಎಂದ. ಡಾಕ್ಟರು ಹೋಗಿ, ಸಂಜೆಗೆ ಒಬ್ಬರೇ ಮರಳಿ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಆ ಕೂಸೂ ಹೋಗಿತ್ತು, ಅದಕ್ಕೂ ಕಟ್ಟಿದ್ದು ನಮ್ಮ ಪೊಟ್ಟಣದ ದಾರವೇ. ಕೊರಟಗೆರೆಯ ದಾರಿಯಲ್ಲಿ ಚೌಕಿ ಇಲ್ಲ. ಆ ಡಬ್ಬವನ್ನು ಯಾರೂ ನಡುದಾರಿಯಲ್ಲಿ ಬಿಚ್ಚಿರಲಿಲ್ಲ.

"ಹಾಗಾದರೆ ಇಲ್ಲೇ, ಸಿಸ್ಟರ್," ಎಂದು ಅವರು ಪ್ಯಾಕಿಂಗ್ ಕೋಣೆಯ ಕಡೆ ಬೆರಳು ತೋರಿಸಿದರು. "ನಮ್ಮ ಮೂವರಲ್ಲೇ."

ಆಮೇಲಿನ ದಿನಗಳನ್ನು ನಾನು ಇಂದಿಗೂ ಮರೆತಿಲ್ಲ. ಆಗಲೇ ಹೋದ ಡಬ್ಬಗಳಲ್ಲಿ ಯಾವುದು ಕೆಟ್ಟದ್ದೆಂದು ತಿಳಿಯದೆ, ಪಾವಗಡಕ್ಕೆ ಏನೆಂದು ಬರೆಯುವುದೆಂದೂ ತೋಚಲಿಲ್ಲ. ಕೈ ತೊಳೆದದ್ದೇ ತೊಳೆದದ್ದು, ಬೆರಳ ಸಂದಿಯ ಚರ್ಮ ಸುಲಿಯಿತು. ನನ್ನ ಉಸಿರಿನ ಮೇಲೇ ನನಗೆ ಅನುಮಾನ. ಮೂಗಿನ ಬಟ್ಟೆಯನ್ನು ಎರಡು ಪದರ ಮಾಡಿದೆ. ಪೊಟ್ಟಣ ಮುಟ್ಟುವಾಗಲೆಲ್ಲ ಅದನ್ನು ಬಿಚ್ಚುವುದು ನನ್ನ ತಂಗಿಯ ಕೂಸಿಗೇ ಎನಿಸುತ್ತಿತ್ತು. ಡಾಕ್ಟರು ನನ್ನ ಕೈ ನೋಡುತ್ತಿದ್ದರು. ನಾನು ಆಯಾಳನ್ನು ಕಳ್ಳಿಯನ್ನು ನೋಡುವ ಹಾಗೆ ನೋಡತೊಡಗಿದೆ. ಅವಳು ಪಾಪ, ನನಗೇ ಏನೋ ಕಾಯಿಲೆಯೆಂದು ತಿಳಿದು, ಜೀರಿಗೆ ಕಷಾಯ ಮಾಡಿ ತಂದುಕೊಡುತ್ತಿದ್ದಳು.

ಮಳೆ ಹಿಡಿದುಕೊಂಡಿತ್ತು. ಸೌದೆ ಹಸಿಯಾಗಿ ಉರಿ ಏರುತ್ತಿರಲಿಲ್ಲ, ಹಬೆಯಲ್ಲಿ ನೀರು ಹೆಚ್ಚು. ಡ್ರಮ್ಮಿನ ತಳದ ಪೊಟ್ಟಣಗಳು ಹೊರಬರುವಾಗ ಒದ್ದೆಯಾಗಿರುತ್ತಿದ್ದವು. ಅಂಥವನ್ನು ಮೊರದ ಮೇಲೆ ಆರಲು ಬಿಟ್ಟು ಆಮೇಲೆ ಡಬ್ಬಕ್ಕೆ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಹಾಗೆ ಆರಿದ ಪೊಟ್ಟಣವೊಂದನ್ನು ಎತ್ತಿದಾಗ ಅದು ಕೈತಪ್ಪಿ ಮಗುಚಿತು. ತಳದ ಬಟ್ಟೆಯಲ್ಲಿ ಮಾಸಲು ಹಳದಿಯ ಗೆರೆಗಳು, ಅಡ್ಡಡ್ಡ, ಉದ್ದುದ್ದ.

ಓಡಿಹೋಗಿ ಪಾವಗಡದ ಕೂಸಿನ ಪೊಟ್ಟಣದ ಬಟ್ಟೆ ತಂದು ಪಕ್ಕದಲ್ಲಿಟ್ಟೆ. ಅದೇ ಗೆರೆ, ಅದೇ ಅಂತರ. ಬಸ್ಸಿನ ಕೊಳೆ ಎಂದು ನಾನು ಹೇಳಿದ್ದು ಮೊರದ ಹೆಣಿಗೆಯ ಗುರುತು. ಮೊರದ ಮೇಲೆ ಹಾಸಿದ್ದ ಬಟ್ಟೆಯನ್ನು ನಿಧಾನವಾಗಿ ಎತ್ತಿದೆ. ಕೆಳಗೆ ಬಿದಿರಿನ ಹೊಳಪಿರಲಿಲ್ಲ. ಒಂದು ಸಂದೂ ಕಾಣದ ಹಾಗೆ, ನುಣ್ಣಗೆ, ಚೊಕ್ಕವಾಗಿ ಸಗಣಿ ಬಳಿದು ಒಣಗಿಸಿತ್ತು.

ಡಾಕ್ಟರನ್ನು ಕರೆದೆ. ಅವರು ಬಗ್ಗಿ ನೋಡಿದರು, ಬೆರಳಿನಿಂದ ಕೆರೆದರು, ಮೂಸಿದರು.

ಆಯಾ ಬಾಗಿಲಲ್ಲಿ ನಿಂತಿದ್ದಳು. "ಯಾಕ್ ನರಸಮ್ಮೋರೆ, ಏನಾತು?" ಎಂದಳು.

"ಇದಕ್ಕೆ ಸಗಣಿ ಬಳಿದೋರು ಯಾರು?"

"ನಾನೇ ಕಣಮ್ಮ. ಹೊಸಾ ಮೊರನ ಅಂಗೇ ಯಾರಾದ್ರೂ ಬಳಸ್ತಾರಾ? ಅಕ್ಕಿ ಕೇರಾಕೇ ಸಾರಿಸ್ದೆ ಇಡಕಿಲ್ಲ, ಇದು ಕೂಸುಗೊಳ ಸಾಮಾನು. ಮನೆಗೆ ತಗಂಡೋಗಿ ಎಲ್ಡು ಸತಿ ಸಾರ್ಸಿ ಬಿಸ್ಲಲ್ಲಿ ಒಣಗ್ಸಿದೀನಿ. ತಿರುಗಾ ತಿರುಗಾ ಬಳೀತಾನೇ ಇದೀನಿ. ಒಂದ್ ಸಂದು ಬುಟ್ಟಿಲ್ಲ, ನೋಡಿ," ಎಂದಳು. ಆ ಮಾತಿನಲ್ಲಿ ಸಣ್ಣದೊಂದು ಹೆಮ್ಮೆಯಿತ್ತು.

ಧನುರ್ವಾಯುವಿನ ಬೀಜ ದನದ ಹೊಟ್ಟೆಯಲ್ಲಿರುತ್ತದೆ, ಸಗಣಿಯಲ್ಲಿ ಬರುತ್ತದೆ, ಒಣಗಿದರೂ ಸಾಯುವುದಿಲ್ಲ. ಒಣಗಿದ ಪೊಟ್ಟಣಕ್ಕೆ ಅದು ಸುಲಭವಾಗಿ ಹತ್ತುತ್ತಿರಲಿಲ್ಲವೇನೋ. ಒದ್ದೆ ಪೊಟ್ಟಣ ಹಾಸುಬಟ್ಟೆಯನ್ನೂ ಒದ್ದೆ ಮಾಡಿ, ಕೆಳಗಿನದನ್ನು ಪದರ ಪದರವಾಗಿ ಒಳಕ್ಕೆ ಹೀರಿಕೊಂಡಿತ್ತು. ಬಾಯ್ಲರಿನಲ್ಲಿ ನಾವು ಕೊಂದದ್ದನ್ನು ನಾಲ್ಕು ಹೆಜ್ಜೆ ದೂರದಲ್ಲಿ ನಾವೇ ಮತ್ತೆ ಪೊಟ್ಟಣಕ್ಕೆ ತುಂಬಿ, ಮೇಣ ಹಾಕಿ, ಭದ್ರವಾಗಿ ಮುಚ್ಚಿ ಊರೂರಿಗೆ ಕಳಿಸುತ್ತಿದ್ದೆವು. ಚೌಕಿಯವರ ಕೈ ಸೋಕದಿರಲೆಂದು ಬೆಸುಗೆ ಬೇರೆ ಹಾಕಿಸಿದ್ದೆವು. ಆ ಬೆಸುಗೆಯ ಡಬ್ಬ ಈಗ ಪಾವಗಡದಲ್ಲಿ, ನನ್ನ ತಂಗಿಗಾಗಿ ಕಾದಿತ್ತು.

"ಸುಟ್ಟುಹಾಕು ಇವನ್ನೆಲ್ಲ," ಎಂದರು ಡಾಕ್ಟರು.

"ಮೊರ ಸುಡಬಾರ್ದು ಸಾಮಿ," ಎಂದಳು ಆಯಾ. "ಕೂಸು ಹುಟ್ಟಿದೇಟ್ಗೆ ಮಲಗ್ಸೋ ಸಾಮಾನು ಅದು. ಸುಟ್ರೆ ಒಳ್ಳೇದಾಗಕಿಲ್ಲ." ಅವಳು ಮೊರಗಳನ್ನೆಲ್ಲ ಎದೆಗವಚಿಕೊಂಡು ಹಿತ್ತಿಲಿಗೆ ಹೋಗಿ, ಗುಂಡಿ ತೋಡಿ ಮಣ್ಣು ಮುಚ್ಚಿದಳು. ಯಾಕೆ ಏನು ಎಂದು ಅವಳಿಗೆ ವಿವರಿಸುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ.

ಡಾಕ್ಟರು ನಾಲ್ಕು ಕಡೆಗೂ ಸುದ್ದಿ ಕಳಿಸಿದರು. ನಮ್ಮ ಪೊಟ್ಟಣ ಯಾರೂ ಬಿಚ್ಚಬೇಡಿ, ಇದ್ದುದನ್ನು ಸುಡಿ ಎಂದು. ಪಾವಗಡಕ್ಕೆ ತಂತಿಯೇ ಹೋಯಿತು. ತಂತಿ ಕೊಟ್ಟು ಬಂದ ಮೇಲೆ ನನಗೆ ಹೊಸ ಹೆದರಿಕೆ ಹುಟ್ಟಿತು. ಪೊಟ್ಟಣ ಬೇಡವೆಂದರೆ ಬಳ್ಳಿ ಯಾವುದರಿಂದ ಕೊಯ್ಯುತ್ತಾರೆ? ಕುಡುಗೋಲಿನಿಂದ. ಯಾವುದರಿಂದ ಕಟ್ಟುತ್ತಾರೆ? ಹಳೆಯ ಸೀರೆಯ ಅಂಚಿನ ನೂಲಿನಿಂದ. ಮೇಲೇನು ಹಚ್ಚುತ್ತಾರೆ? ಸಗಣಿ ಕುರುಳಿನ ಬೂದಿ. ಪೊಟ್ಟಣ ಬಿಚ್ಚಿದರೂ ಸಾವು, ಬಿಚ್ಚದಿದ್ದರೂ ಸಾವು ಎನ್ನುವ ಸ್ಥಿತಿಗೆ ತಂಗಿಯನ್ನು ತಂದಿಟ್ಟಿದ್ದೆವು.

ಹೊಸದಾಗಿ ಮಾಡೋಣವೆಂದರೆ ತಟ್ಟೆಯಿಲ್ಲ, ಮೊರವಿಲ್ಲ, ಬಿಸಿಲಿಲ್ಲ. ಬಾಯ್ಲರಿನ ಮುಂದೆ ಕೂತು ಯೋಚಿಸಿದೆ. ತಟ್ಟೆ, ಮೊರ, ಡಬ್ಬ ಇವೆಲ್ಲ ಬೇಕಾಗುವುದು ಡ್ರಮ್ಮಿನಿಂದ ಪೊಟ್ಟಣ ಹೊರಗೆ ತೆಗೆದರೆ ತಾನೆ? ತೆಗೆಯದೇ ಹೋದರೆ? ಬಾಯ್ಲರಿನಲ್ಲೇ ಸಣ್ಣ ಕೆಂಡದ ಮೇಲೆ ಪೊಟ್ಟಣ ಪೂರ್ತಿ ಒಣಗುವವರೆಗೆ ಬಿಟ್ಟು, ಬಿಸಿಯಿರುವಾಗಲೇ ಡ್ರಮ್ಮಿನ ಪಟ್ಟಿ ಸರಿಸಿ ತೂತು ಮುಚ್ಚಿ, ಡ್ರಮ್ಮನ್ನೇ ಪಾವಗಡಕ್ಕೆ ಒಯ್ದರೆ?

ಡಾಕ್ಟರು ತಲೆಯಾಡಿಸಿದರು. "ಇರೋದು ಎರಡು ಡ್ರಮ್ಮು. ಒಂದರ ಪಟ್ಟಿ ಸಡಿಲ, ನಂಬೋ ಹಾಗಿಲ್ಲ. ಒಳ್ಳೇದನ್ನ ನೀವು ತಗೊಂಡು ಹೋದ ಮೇಲೆ ಇಲ್ಲಿ ಯಾರಿಗಾದರೂ ಹೊಟ್ಟೆ ಕೊಯ್ಯೋ ಪ್ರಸಂಗ ಬಂದರೆ ಏನು ಮಾಡಲಿ?"

ಆ ಕಡೆಯ ಹೆಣ್ಣುಮಕ್ಕಳಿಗಾಗಿ ಎಂದು ದೊಡ್ಡ ಮಾತಾಡಬಹುದಿತ್ತು. ಬಾಯಿಗೆ ಬರಲಿಲ್ಲ. "ಅಲ್ಲಿ ನನ್ನ ತಂಗಿ ಇದಾಳೆ ಸಾರ್," ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಗಂಧಕದ ಕೊಳವೆ ಒಳಗಿಡಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಾರನೆಯ ದಿನ ಡ್ರಮ್ಮಿಗೆ ಹಬೆಯಲ್ಲಿ ಬೆಂದ ಎರಡು ಬಟ್ಟೆ ಸುತ್ತಿ, ಗಂಟು ಬಿಗಿದು, ಬಸ್ಸು ಹತ್ತಿದೆ. ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದಲ್ಲೆಲ್ಲ ನಿಲ್ಲುವುದು, ಕ್ಲೀನರು ಇಳಿದು ಒಲೆ ಕೆದಕುವುದು, ಬೂದಿ ಹಾರಿ ಎಲ್ಲರ ಮೇಲೆ ಬೀಳುವುದು. ಟಾಪಿನ ಮೇಲೆ ಹಾಕಮ್ಮ ಎಂದ ಕಂಡಕ್ಟರನಿಗೆ ನಿನ್ನ ತಲೆಯ ಮೇಲೆ ಹಾಕು ಎಂದು ಬೈದು, ತೊಡೆಯ ಮೇಲೇ ಇಟ್ಟುಕೊಂಡು ಸೆರಗು ಮುಚ್ಚಿ ಕೂತೆ. ತೊಡೆ ಮರಗಟ್ಟಿ ಹೋಯಿತು. ಬಸ್ಸು ಕುಲುಕಿದಾಗಲೆಲ್ಲ ಡ್ರಮ್ಮಿನ ಪಟ್ಟಿ ಸರಿಯಿತೇನೋ ಎನಿಸುತ್ತಿತ್ತು. ಬಟ್ಟೆಯ ಮೇಲಿಂದಲೇ ಬೆರಳಾಡಿಸಿ ನೋಡುತ್ತಿದ್ದೆ.

ಗಡಿಯಲ್ಲಿ ಚೌಕಿಯ ಜವಾನ ಬಸ್ಸಿನೊಳಕ್ಕೆ ಬಂದ. ಒಬ್ಬೊಬ್ಬರ ಗಂಟನ್ನೂ ಬಿಚ್ಚಿಸುತ್ತ ನನ್ನ ಹತ್ತಿರ ನಿಂತು, ಸೆರಗಿನ ಕಡೆ ಕೋಲು ತೋರಿಸಿದ. "ಏಮಿಟಮ್ಮಾ ಅದಿ? ಬಟ್ಟೆ ಐತಾ?"

"ಬಟ್ಟೇನೇ. ಆದರೆ ತೆಗೆಯೋ ಹಾಗಿಲ್ಲ. ಗಾಳಿ ಸೋಕಿದರೆ ಕ್ರಿಮಿ ಸೇರುತ್ತೆ."

"ಬಟ್ಟೆ ಅಂದ್ಮ್ಯಾಕೆ ತೆಗೀಲೇಬೇಕು."

"ಹೆರಿಗೆ ಮನೆಯದು ಕಣಪ್ಪ. ಕೈ ಸೋಕಿದರೆ ಕ್ರಿಮಿ ಹತ್ತುತ್ತೆ ಅಂತ ಹೇಳ್ತಿದೀನಲ್ಲ."

"ಅಂಗಂದ್ರೆ ನಾನೇನ್ ಉಳಾನಾ?" ಎಂದು ಅವನಿಗೆ ಸಿಟ್ಟು ಬಂತು. ಬಸ್ಸಿನವರು ನಕ್ಕರು, ಸಿಟ್ಟು ಇನ್ನೂ ಏರಿತು. ಕೋಲು ಕಂಕುಳಲ್ಲಿಟ್ಟು ಗಂಟಿಗೆ ಕೈ ಚಾಚಿದ. ಕರಿಯಾದ ಉಗುರು, ಬೆರಳ ತುಂಬ ಎಲೆಯಡಿಕೆಯ ಕೆಂಪು. ಕ್ರಿಮಿಯ ಬಗ್ಗೆ ನಾನು ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಮೂರು ಕಾಸಿನ ಪ್ರಯೋಜನಕ್ಕೂ ಬರಲಿಲ್ಲ. ಆಗ ನಮ್ಮಜ್ಜಿಯ ದನಿ ನನ್ನ ಬಾಯಲ್ಲಿ ಬಂತು.

"ಮುಟ್ಟು, ಮುಟ್ಟು. ಪುರುಡಿನ ಬಟ್ಟೆ. ಮುಟ್ಟಿದ ಮೇಲೆ ತಲೆಗೆ ನೀರು ಹಾಕ್ಕೊಂಡೇ ಮನೆಯೊಳಕ್ಕೆ ಹೋಗು, ಅಷ್ಟೇ."

ಹೆರಿಗೆಯ ಮೈಲಿಗೆಗೆ ಅವರ ತೆಲುಗಿನಲ್ಲೂ ಪುರುಡೆಂದೇ ಹೆಸರು. ಜವಾನನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅದನ್ನು ಅಂಗಿಗೆ ಒರೆಸಿಕೊಂಡ, ಇನ್ನೂ ಮುಟ್ಟದೇ ಇದ್ದರೂ. "ಮೊದ್ಲೇ ಹೇಳಬಾರ್ದಾ," ಎಂದು ಗೊಣಗಿ ಇಳಿದುಹೋದ. ನನ್ನ ಪಕ್ಕದಲ್ಲಿ ಕೂತಿದ್ದವರೂ ಮೆಲ್ಲನೆ 'ಶಿವ ಶಿವಾ' ಎನ್ನುತ್ತ ಹಿಂದಿನ ಸೀಟಿಗೆ ಸರಿದರು. ಪಾವಗಡದವರೆಗೆ ನಾನೂ ಡ್ರಮ್ಮೂ ಕಾಲು ನೀಡಿಕೊಂಡು ಬಂದೆವು.

ಪಾವಗಡದಲ್ಲಿ ಇಳಿದು ದಾದಿಯ ಮನೆಗೆ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ವಳ್ಳೂರಿಂದ ಗಾಡಿ ಬಂದು ಕರೆದುಕೊಂಡು ಹೋಯಿತು ಎಂದಳು. ತಂತಿಯ ಸುದ್ದಿ ಅವಳಿಗೆ ಮುಟ್ಟಿತ್ತೇ ಎಂದು ಕೇಳಿದರೆ ಪಕ್ಕದವಳಿಗೆ ತಿಳಿಯದು. ಬಾಡಿಗೆ ಗಾಡಿ ಹಿಡಿದು ಹೊರಟೆ. ಕಲ್ಲುದಾರಿಯಲ್ಲಿ ಎತ್ತುಗಳು ಎಷ್ಟು ನಡೆದರೂ ಊರು ಹತ್ತಿರವಾಗುತ್ತಿರಲಿಲ್ಲ. ಆ ದಾರಿಯುದ್ದಕ್ಕೂ ಬೆಸುಗೆ ಬಿಚ್ಚುವ ಸದ್ದು ನನ್ನ ಕಿವಿಯಲ್ಲಿ ಕೇಳುತ್ತಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆ. ಅಂಗಳದಲ್ಲೇ ತಂಗಿಯ ಅತ್ತೆ ಎದುರಾಗಿ, "ನಿಮ್ ದಾದಿಗೆ ಮತಿ ಕೆಟ್ಟೈತೇನಮ್ಮ? ಬಿಡ್ಡ ಬಂದು ಏಟೊತ್ತಾತು, ಬಳ್ಳಿ ಕೊಯ್ಯಾಕೆ ಬುಡವಲ್ಲಳು," ಎಂದು ಕಣ್ಣೀರು ಹಾಕಿದರು. ನಾನು ಅವರನ್ನು ದಾಟಿ ಒಳಗೆ ನುಗ್ಗಿದೆ.

ತಂಗಿ ಬೆವತು, ಬಿಳಿಚಿಕೊಂಡು, ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅವಳ ಪಕ್ಕದಲ್ಲಿ ದಾದಿ ಗಟ್ಟಿಯಾಗಿ ಕೂತಿದ್ದಳು. ಕೂಸು ಹುಟ್ಟಿತ್ತು, ಮಾಸೂ ಬಿದ್ದಿತ್ತು, ಬಳ್ಳಿ ಮಾತ್ರ ಹಾಗೇ ಇತ್ತು.

"ತಂತಿ ಬಂತು. ಡಬ್ಬೀನ ಹಂಗೇ ಬೆಂಕಿಗಾಕ್ದೆ," ಎಂದಳು ದಾದಿ. "ನೀವು ಬಂದೇ ಬರ್ತೀರ ಅಂತ ಗೊತ್ತಿತ್ತು. ಇವ್ರು ಕುಡುಗೋಲು ತಂದ್ರು, ಕಿತ್ಕಂಡು ಅದ್ರ ಮ್ಯಾಲೇ ಕುಂತಿವ್ನಿ. ಏಳಾಕೂ ಭಯ."

ಕೂಸು ಎಲ್ಲಿ ಎಂದು ನೋಡಿದೆ. ದೀಪದ ಪಕ್ಕದಲ್ಲಿ ಹೊಸ ಮೊರ. ನುಣ್ಣಗೆ ಸಾರಿಸಿ ಒಣಗಿಸಿದ ಮೊರ, ಮೇಲೊಂದು ತೆಳು ಬಟ್ಟೆ, ಅದರ ಮೇಲೆ ನನ್ನ ತಂಗಿಯ ಕೂಸು ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಬಳ್ಳಿಯ ಸಮೇತ ಎತ್ತಿ ತಾಯಿಯ ಹೊಟ್ಟೆಯ ಮೇಲೇ ಮಲಗಿಸಿದೆ. ಇನ್ನೂ ಕೊಯ್ಯದ ಬಳ್ಳಿ, ಗಾಯವೇ ಆಗಿಲ್ಲದ ಹೊಕ್ಕುಳು. ದಾದಿಯ ಹಟವೇ ಆ ಮೊರದಿಂದ ಕೂಸನ್ನು ಕಾಪಾಡಿತ್ತು.

ನೀರು ಕುದಿಸಿ, ಕೈ ತೊಳೆದು, ಕತ್ತರಿ ಬೇಯಿಸಿ, ಕೋಣೆಯಿಂದ ಎಲ್ಲರನ್ನೂ ಕಳಿಸಿ, ಡ್ರಮ್ಮಿನ ಮುಚ್ಚಳ ತೆಗೆದೆ. ಹಬೆಯಲ್ಲಿ ಬೆಂದ ಬಟ್ಟೆಯ ವಾಸನೆ, ನಮ್ಮ ಕೋಣೆಯ ವಾಸನೆ ಬಂತು. ಗಂಧಕ ಹೆಂಟೆಯಾಗಿತ್ತು. ಪೊಟ್ಟಣ ತಿರುಗಿಸಿ ತಳ ನೋಡಿದೆ. ಒಂದು ಗೆರೆಯೂ ಇರಲಿಲ್ಲ. ಕಟ್ಟಿದೆ, ಕೊಯ್ದೆ, ಬಟ್ಟೆ ಇಟ್ಟು ಪಟ್ಟಿ ಸುತ್ತಿದೆ.

ಅಷ್ಟಕ್ಕೇ ಹೆದರಿಕೆ ಮುಗಿಯಲಿಲ್ಲ, ಈ ರೋಗದ ಹೆದರಿಕೆ ದಿನಗಟ್ಟಲೆ ಕಾಯಿಸುತ್ತದೆ. ನಾನು ಅಲ್ಲೇ ಉಳಿದೆ. ಕೂಸು ಮೊಲೆ ಹಿಡಿದಾಗಲೆಲ್ಲ ದವಡೆ ಆಡುವುದನ್ನೇ ನೋಡುತ್ತಿದ್ದೆ. ಒಂದು ಬೆಳಗ್ಗೆ ಅದು ಮೊಲೆ ಬಿಟ್ಟು ಮುಖ ತಿರುಗಿಸಿತು. ಮತ್ತೆ ಹಿಡಿಸಿದರೆ ಮತ್ತೆ ಬಿಟ್ಟಿತು. ತಂಗಿ ನನ್ನ ಮುಖ ನೋಡಿದಳು. ಕಿರುಬೆರಳು ತೊಳೆದು ಕೂಸಿನ ಬಾಯಿಗೆ ಇಟ್ಟೆ. ಬಾಯಿ ತೆರೆಯಿತು, ಒಸಡಿನಿಂದ ಕಚ್ಚಿ, ಜಗ್ಗಿ ಚೀಪಿತು. ಮೂಗು ಕಟ್ಟಿತ್ತು, ಅಷ್ಟೇ. ನಾನು ಹಿತ್ತಿಲಿಗೆ ಹೋಗಿ, ಯಾರಿಗೂ ಕಾಣದ ಹಾಗೆ, ಬಿಕ್ಕಿ ಬಿಕ್ಕಿ ಅತ್ತೆ.

ನಾಮಕರಣ ಮುಗಿಸಿಕೊಂಡು ಮಧುಗಿರಿಗೆ ಮರಳಿದೆ. ನಾನಿಲ್ಲದಾಗ ಡಾಕ್ಟರು ಸಿರಾ, ಕೊರಟಗೆರೆಯ ದಾದಿಯರನ್ನೆಲ್ಲ ಕರೆಸಿ ಅಂಗಳದಲ್ಲಿ ಕೂರಿಸಿ ಪಾಠ ಹೇಳಿದ್ದರು. ಆಯಾ ಅವರಿಗೆಲ್ಲ ನೀರು ಕೊಡುತ್ತ ಕೇಳಿಸಿಕೊಂಡಿದ್ದಳು. ನಾನು ಬಂದ ಕೂಡಲೇ ಡ್ರಮ್ಮು ಇಳಿಸಿಕೊಂಡು, "ಕೂಸು ಹೆಂಗೈತೆ ನರಸಮ್ಮೋರೆ?" ಎಂದಳು. ಚೆನ್ನಾಗಿದೆ ಎಂದೆ. ಎರಡು ಕೈಯಿಂದಲೂ ನನ್ನ ಕೆನ್ನೆ ನೀವಿ ನೆಟಿಗೆ ಮುರಿದಳು. ಆಮೇಲೆ ಹೋಗದೆ ಅಲ್ಲೇ ನಿಂತಳು.

"ಡಾಕ್ಟ್ರು ದಾದೇರ್ಗೆ ಯೋಳ್ತಿದ್ರು. ಹೊಕ್ಕುಳು ಅಸಿ ಇರೋವಾಗ ಸಗಣಿ ಮೊರದಲ್ಲಿ ಕೂಸು ಮಲಗಿಸ್ಬಾರ್ದಂತೆ."

"ಹೂಂ."

"ನಾನು ಒಂದೊಂದು ಕೂಸ್ಗೂ ಹೊಸಾ ಮೊರ ತಂದು, ನನ್ನ ಕೈಯಾರೆ ಸಾರ್ಸಿದ್ದೆ ಕಣಮ್ಮ." ಅವಳು ನೆಲ ನೋಡುತ್ತಿದ್ದಳು. "ಅಂಗಾರೆ ನನ್ ಮಕ್ಕಳು?"

ವಳ್ಳೂರಿನಿಂದ ಬರುವ ದಾರಿಯುದ್ದಕ್ಕೂ ನಾನು ಹೆದರಿದ್ದು ಈ ಪ್ರಶ್ನೆಗೇ. ಅದರ ಉತ್ತರವನ್ನು ದಾದಿಯರಿಗೆಲ್ಲ ಹೇಳಿ ಆಗಿತ್ತು. ಇವಳಿಗೆ ಹೇಳಲು ನಾಲಿಗೆ ಏಳಲಿಲ್ಲ. "ಗೊತ್ತಿಲ್ಲ ಕಣವ್ವ. ದಾರ ಇರಬಹುದು, ಕುಡುಗೋಲು ಇರಬಹುದು," ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ನಾನು ಹೇಳಿದ್ದನ್ನು ಅವಳು ನಂಬಲಿಲ್ಲ ಎಂದು ನನಗೆ ಗೊತ್ತಾಯಿತು.

ಮುಂದಿನ ಸಲ ಬಾಯ್ಲರು ಹಚ್ಚುವ ದಿನ ಅವಳು ಮನೆಯಿಂದ ಒಂದು ಹಳೆಯ ಮೊರ ತಂದಳು. ಅಟ್ಟದಲ್ಲಿ ಹೊಗೆ ಹಿಡಿದು ಕರ್ರಗಾಗಿತ್ತು. ಒಂದು ಕಾಳನ್ನೂ ಕೇರದ ಮೊರವೆಂದು ಅಂಚು ನೋಡಿದರೆ ತಿಳಿಯುತ್ತಿತ್ತು. ಕೊನೆಯ ಕೂಸನ್ನು ಮಲಗಿಸಿದ್ದು ಅದರಲ್ಲೇ ಇರಬೇಕು. ಮೊಣಕಾಲಿಗೆ ಒತ್ತಿ ಎರಡು ಹೋಳು ಮಾಡಿ, ಅವಳೇ ಬಾಯ್ಲರಿನ ಒಲೆಗೆ ತಳ್ಳಿದಳು. ಒಣ ಬಿದಿರು ಚಟಪಟ ಎಂದು ಹತ್ತಿಕೊಂಡಿತು. ನಾನು ಡ್ರಮ್ಮಿಗೆ ಪೊಟ್ಟಣ ಜೋಡಿಸುತ್ತಿದ್ದೆ, ಡಾಕ್ಟರು ಬಾಗಿಲಲ್ಲಿ ನಿಂತು ನೋಡಿ, ಹಿಂದಕ್ಕೆ ಹೋದರು.

ಅವತ್ತು ಡ್ರಮ್ಮು ತೆರೆದಾಗ ಆಯಾ ಕೈ ತೊಳೆದು ಬಂದು, ಗಂಧಕದ ಕೊಳವೆಯನ್ನು ತಾನೇ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಪೂರಾ ಕರಗೈತೆ ನರಸಮ್ಮೋರೆ," ಎಂದು ನನ್ನ ಕೈಗೆ ಕೊಟ್ಟಳು.